ಕರಗದ ಚಟ್ಟಿಗಳು

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದರಲ್ಲಿ ಅರ್ಧ ಪಾಲು ಈ ಗುಣದ್ದು. ಉಳಿದರ್ಧ ಬರೀ ಹೇಡಿತನ.

ಮಂಗಳೂರಿನ ಒಂದು ಕಂಪೆನಿಯಲ್ಲಿ ಹತ್ತು ವರ್ಷ ಪ್ಲಾಸ್ಟಿಕ್ ಡಬ್ಬಗಳ ವಿನ್ಯಾಸ ಮಾಡಿದವಳು ನಾನು. ಶಾಂಪೂ ಡಬ್ಬ, ಎಣ್ಣೆ ಡಬ್ಬ, ಮಕ್ಕಳ ನೀರಿನ ಡಬ್ಬ. ಒಂದು ದಿನ ನೇತ್ರಾವತಿಯ ದಡದಲ್ಲಿ ನಾನೇ ಗೀಚಿದ ಮುಚ್ಚಳವೊಂದು ಕೆಸರಿನಲ್ಲಿ ಸಿಕ್ಕಿತು. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ, ಹೆತ್ತವಳಲ್ಲವೇ! ಅದೇ ತಿಂಗಳು ಕೆಲಸ ಬಿಟ್ಟು ಪುತ್ತೂರಿನ ಹೊರಗೆ ಅಡಿಕೆ ಹಾಳೆಯ ಊಟದ ತಟ್ಟೆ ಮಾಡುವ ಒಂದು ಸಣ್ಣ ಕಾರ್ಖಾನೆಗೆ ಸೇರಿಕೊಂಡೆ. ಕಾರ್ಖಾನೆ ಎಂದರೆ ತಗಡಿನ ಮಾಡಿನ ಶೆಡ್ಡು, ಬಿಸಿ ಅಚ್ಚಿನ ನಾಲ್ಕು ಯಂತ್ರ, ಹಾಳೆ ನೆನೆಸುವ ಎರಡು ಸಿಮೆಂಟ್ ತೊಟ್ಟಿ. ಸಂಬಳ ಅರ್ಧಕ್ಕಿಂತ ಕಡಿಮೆಯಾಯಿತು. ಗಂಡ ಆ ತಿಂಗಳು ಮೀನಿನ ಅಂಗಡಿಯಲ್ಲಿ ದುಬಾರಿ ಅಂಜಲಿನ ಕಡೆ ನೋಡುವುದನ್ನು ಬಿಟ್ಟರು.

ನನ್ನನ್ನು ತೆಗೆದುಕೊಂಡದ್ದು ಒಂದೇ ಕೆಲಸಕ್ಕೆ. ನರ್ಸರಿಯವರು ಗಿಡ ಮಾಡುವ ಕರಿ ಪ್ಲಾಸ್ಟಿಕ್ ಚೀಲ, ನಮ್ಮ ತೊಟ್ಟೆ, ಇದೆಯಲ್ಲ, ಅದರ ಬದಲಿಗೆ ಹಾಳೆಯ ಚಟ್ಟಿ, ಅಂದರೆ ಕುಂಡ, ಮಾಡಬೇಕು. ಗಿಡವನ್ನು ಚಟ್ಟಿಯ ಸಮೇತ ಮಣ್ಣಿಗಿಳಿಸಿದರೆ ಚಟ್ಟಿ ಕರಗಿ ಗೊಬ್ಬರವಾಗಬೇಕು, ಬೇರು ದಾರಿ ಮಾಡಿಕೊಂಡು ಹೊರಗೆ ಬರಬೇಕು. ತೊಟ್ಟೆ ಹರಿಯುವ ಕೆಲಸ ಇಲ್ಲ, ತೋಟದ ಬದಿಯಲ್ಲಿ ಕಸದ ಗುಡ್ಡೆ ಇಲ್ಲ. ಕೇಳುವುದಕ್ಕೆ ಎಷ್ಟು ಚಂದ!

ನಾವು ನಾಲ್ಕು ಜನ. ಯಜಮಾನರು. ಅಚ್ಚು ಮಾಡುವ ಮೇಸ್ತ್ರಿ, ಕಬ್ಬಿಣವನ್ನು ಬೈಯುತ್ತಾ ಬಗ್ಗಿಸುವ ಮನುಷ್ಯ. ಹಾಳೆ ವಿಂಗಡಿಸುವ ಅಕ್ಕ. ಮತ್ತೆ ನಾನು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎಂದರೆ ಅವರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಓದಿದವಳೆಂಬ ಮರ್ಯಾದೆಗೆ. ಸುಳ್ಯದ ಆಲೆಟ್ಟಿಯಿಂದ ದಿನಾ ಎರಡು ಬಸ್ಸು ಹಿಡಿದು ಬರುತ್ತಿದ್ದರು. ಮನೆಮಾತು ಅರೆಭಾಷೆ, ಮೇಸ್ತ್ರಿಯ ಹತ್ತಿರ ತುಳು, ನನ್ನ ಹತ್ತಿರ ಕನ್ನಡ. ಹಾಳೆಯನ್ನು ಒಮ್ಮೆ ಬೆನ್ನು ಸವರಿ, ಒಮ್ಮೆ ಮೂಸಿ, ಇದು ತಟ್ಟೆಗೆ, ಇದು ಬಟ್ಟಲಿಗೆ, ಇದು ಒಲೆಗೆ ಎಂದು ಎಸೆಯುತ್ತಿದ್ದರು. ಹನ್ನೊಂದು ವರ್ಷ ನಿಂತೇ ಮಾಡಿದ ಕೆಲಸ. ಬಲ ಮೊಣಕಾಲು ಸೋತಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಡಕ್ಟರನೇ ಕೈ ಕೊಡಬೇಕಿತ್ತಂತೆ.

ಚಟ್ಟಿ ಗೆದ್ದರೆ ಸುಳ್ಯದಲ್ಲಿ ಅದಕ್ಕೆಂದೇ ಬೇರೆ ಶೆಡ್ಡು ತೆರೆಯುವುದು, ಅದರ ಮೇಲ್ವಿಚಾರಣೆ ಅಕ್ಕನಿಗೆ, ಇದು ಯಜಮಾನರು ಎಲ್ಲರ ಎದುರು ಹೇಳಿದ ಮಾತು. ಅಕ್ಕನಿಗೆ ಕುರ್ಚಿ, ಕೈಕೆಳಗೆ ಇಬ್ಬರು, ಮನೆಯಿಂದ ಒಂದೇ ಬಸ್ಸು. ಆ ದಿನ ಅಕ್ಕ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ನಾನು ಮಂಗಳೂರಿನಿಂದ ಒಂದು ಪದ್ಧತಿಯನ್ನು ಹೊತ್ತು ತಂದಿದ್ದೆ. ಪ್ರತಿ ಶನಿವಾರ ಮಧ್ಯಾಹ್ನ ಕೆಲಸ ನಿಲ್ಲಿಸಿ ಎಲ್ಲರೂ ಕೂರುವುದು. ಆ ವಾರ ಏನು ಮಾಡಹೊರಟೆವು, ಏನಾಯಿತು, ಯಾಕಾಯಿತು, ಇನ್ನು ಮುಂದೆ ಹೇಗೆ, ಇಷ್ಟನ್ನು ಒಂದು ಉದ್ದ ಪುಸ್ತಕದಲ್ಲಿ ಬರೆಯುವುದು. ಅದಕ್ಕೆ ಕಲಿಕೆ ಪುಸ್ತಕ ಎಂದು ಹೆಸರಿಟ್ಟೆ. ತಪ್ಪು ಯಾರದು ಎಂದು ಕೇಳಬಾರದು, ಯಾಕಾಯಿತು ಎಂದು ಮಾತ್ರ ಕೇಳಬೇಕು ಎಂದು ಭಾಷಣವನ್ನೂ ಬಿಗಿದೆ. ಮೇಸ್ತ್ರಿ ತಲೆ ಕೆರೆದುಕೊಂಡು, "ಅಲ್ಲ ಮೇಡಂ, ತಪ್ಪನ್ನು ಬರೆದಿಟ್ಟರೆ ನಾಳೆ ಅದೇ ಹಿಡ್ಕೊಂಡು ನೇತು ಹಾಕುದಿಲ್ವಾ?" ಎಂದರು. ಎಲ್ಲರೂ ನಕ್ಕರು. ನಾನು ಜೋರಾಗಿ ನಕ್ಕೆ.

ಆದರೆ ಆ ಸಭೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಕಡೆಯವರ ಅಭ್ಯಾಸವೇ ಹಾಗೆ. ಎದುರಿಗೆ ಕೂತವರಿಗೆ ಮುಜುಗರವಾಗುವ ಮಾತನ್ನು ನಾಲ್ಕು ಜನರ ನಡುವೆ ಹೇಳಲಾರರು. ಸರಿಯಾಗಿಲ್ಲ ಎನ್ನುವುದಕ್ಕೆ "ಅಡ್ಡಿಲ್ಲ" ಎನ್ನುತ್ತಾರೆ, ಪೂರ್ತಿ ಹಾಳಾಗಿದೆ ಎನ್ನುವುದಕ್ಕೆ "ನೋಡುವ" ಎನ್ನುತ್ತಾರೆ. ನಿಜವಾದ ಮಾತು ಬರುವುದು ಸಭೆ ಮುಗಿದು ಕೈ ತೊಳೆಯುವಾಗ, ನಳ್ಳಿಯ ಹತ್ತಿರ, ಅದೂ ಅರ್ಧ ದನಿಯಲ್ಲಿ. ನಾನು ಈ ಊರಲ್ಲೇ ಹುಟ್ಟಿದವಳು, ನನಗೆ ಇದು ಗೊತ್ತಿಲ್ಲ ಎಂದಲ್ಲ. ಆದರೂ ಪುಸ್ತಕ ಹಿಡಿದು ಸಭೆಯಲ್ಲೇ ಕೂತೆ, ನಳ್ಳಿಯ ಹತ್ತಿರ ನಿಲ್ಲಲು ನನಗೆ ಪುರುಸೊತ್ತು ಇರಲಿಲ್ಲ.

ಮೇಸ್ತ್ರಿ ಚಟ್ಟಿಯನ್ನು ಮೊದಲು ಅಚ್ಚಿನಲ್ಲಿ ಒತ್ತಿ ನೋಡಿದರು. ಆಳ ಹೆಚ್ಚಾಗಿ ಮೂಲೆಯಲ್ಲಿ ಹಾಳೆ ಸೀಳಿತು. ಆಮೇಲೆ ನಾನು ಹಾಳೆಯ ಪಟ್ಟಿಯನ್ನು ಸುರುಳಿ ಮಾಡಿ, ಒಂದು ತುದಿಯ ನಾಲಗೆಯನ್ನು ಇನ್ನೊಂದು ತುದಿಯ ಸೀಳಿಗೆ ಸಿಕ್ಕಿಸುವ ಹಾಗೆ ಮಾಡಿದೆ. ಪಿನ್ನು ಇಲ್ಲ, ಅಂಟು ಇಲ್ಲ, ತಂತಿ ಇಲ್ಲ. ಮೇಸ್ತ್ರಿ ಒಂದು ಚಟ್ಟಿಗೆ ಮಣ್ಣು ತುಂಬಿಸಿ ನೆಲಕ್ಕೆ ಬೀಳಿಸಿದರು, ಬಿಚ್ಚಲಿಲ್ಲ. "ಮೇಡಂ, ಇದು ಭಾರೀ ಉಂಟು ಮಾರಾಯ್ರೆ!" ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನಾನು ಆ ಚಟ್ಟಿಯನ್ನು ಮನೆಗೂ ತೆಗೆದುಕೊಂಡು ಹೋಗಿ ಊಟದ ಮೇಜಿನ ಮೇಲೆ ಇಟ್ಟುಕೊಂಡೆ.

ಇನ್ನು ಹಾಳೆಯ ಮಾತು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತು ಸುಣ್ಣ ಬೆರೆಸಿ ಮದ್ದು ಬಿಡುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಗೊನೆಗೆ ಬಿಟ್ಟ ಮದ್ದು ಕೆಳಗಿನ ಹಾಳೆಯ ಮೇಲೂ ಇಳಿಯುತ್ತದೆ. ಆ ಹಾಳೆಗಳು ಬೀಳುವಾಗ ಬೆನ್ನ ಮೇಲೆ ತಿಳಿನೀಲಿ ಕಲೆ ಇರುತ್ತದೆ. ಊಟದ ತಟ್ಟೆಗೆ ಅದು ಬೇಡವೇ ಬೇಡ. ಅಕ್ಕ ಅವನ್ನೆಲ್ಲ ಬೇರೆ ತೆಗೆದು ಹಿಂದಿನ ಗೋಡೆಗೆ ಒರಗಿಸಿ ಇಡುತ್ತಿದ್ದರು. ಒಂದು ಆಳೆತ್ತರದ ರಾಶಿ ಆಗಿತ್ತು.

ನನ್ನ ಕಣ್ಣು ಆ ರಾಶಿಯ ಮೇಲೆ ಬಿತ್ತು. ಬಿಸಾಡುವ ಹಾಳೆಯಿಂದ ಚಟ್ಟಿ! ವ್ಯರ್ಥವೇ ಇಲ್ಲ! ನನಗೆ ಆ ಯೋಚನೆ ಬಂದ ಸಂಭ್ರಮದಲ್ಲಿ ಅರ್ಧ ಕುಡಿದ ಚಾ ಅಲ್ಲೇ ಬಿಟ್ಟು ಓಡಿದೆ. ಅಷ್ಟು ಸಾಲದೆಂದು ಚಟ್ಟಿಯ ಹಾಳೆ ನೆನೆಸುವ ತೊಟ್ಟಿಯ ನೀರನ್ನೂ ದಿನಾ ಚೆಲ್ಲಬಾರದು, ವಾರಕ್ಕೊಮ್ಮೆ ಬದಲಿಸಿದರೆ ಸಾಕು ಎಂದು ಆಜ್ಞೆ ಮಾಡಿದೆ. ನೀರೂ ಉಳಿಯಿತು, ಹಾಳೆಯೂ ಉಳಿಯಿತು. ಪ್ರಕೃತಿಮಾತೆ ಬಂದು ನನ್ನ ಬೆನ್ನು ತಟ್ಟುವುದೊಂದೇ ಬಾಕಿ.

ಅಕ್ಕ ನಳ್ಳಿಯ ಹತ್ತಿರ ಬಂದು, "ಅಕ್ಕ, ಆ ನೀಲಿದ್ದು ಬೇಡ" ಎಂದರು.

"ಯಾಕೆ? ಊಟ ಮಾಡುದಕ್ಕಲ್ಲ, ಮಣ್ಣು ಹಾಕುದಕ್ಕೆ."

"ಆ ನೀರಲ್ಲಿ ಕೈ ಹಾಕಿದ್ರೆ ನನ್ನ ಚರ್ಮ ಏಳ್ತದೆ. ಬೇರಿಗೂ ಹಾಗೇ ಅಲ್ವಾ? ಒಳ್ಳೆ ಹಾಳೆಗೂ ಅದೇ ನೀರು ಹಿಡೀತದೆ."

"ಗ್ಲೌಸ್ ತರಿಸ್ತೇನೆ" ಎಂದು ನಾನು ಹೊರಟೆ. ಗ್ಲೌಸ್ ತರಿಸಿದೆ ಕೂಡ. ಅವರು ಆಮೇಲೆಯೂ ಹೇಳಿದರು. ಆಗ ನಾನು ಮೇಸ್ತ್ರಿಯ ಎದುರೇ ರೇಗಿದೆ. "ಎಲ್ಲದಕ್ಕೂ ಬೇಡ ಬೇಡ ಅಂದ್ರೆ ಕೆಲಸ ಆಗುದು ಹೇಗೆ ಅಕ್ಕ? ನಿಮ್ಮದೇ ಶೆಡ್ಡಿಗೆ ನೀವೇ ಅಡ್ಡ ನಿಂತ ಹಾಗೆ ಆಯ್ತು!" ಅಕ್ಕ ಗ್ಲೌಸ್ ಏರಿಸಿಕೊಂಡು ನೀಲಿ ಹಾಳೆಗಳನ್ನು ತೊಟ್ಟಿಗೆ ಇಳಿಸಿದರು.

ಕಡಬ ತಾಲೂಕಿನ ಇಚಿಲಂಪಾಡಿಯಲ್ಲಿ ಹೆಂಗಸರ ಸಂಘವೊಂದರ ನರ್ಸರಿ ಇತ್ತು. ಅವರು ಕಾಳುಮೆಣಸಿನ ಬಳ್ಳಿಯನ್ನೂ ಕೊಕ್ಕೋ ಗಿಡವನ್ನೂ ನಮ್ಮ ಚಟ್ಟಿಯಲ್ಲಿ ಬೆಳೆಸಿ ನೋಡಲು ಒಪ್ಪಿದರು. ಮೊದಲ ತಿಂಗಳು ನಾನು ವಾರಕ್ಕೆ ಎರಡು ಸಲ ಸ್ಕೂಟರಿನಲ್ಲಿ ಹೋದೆ. ಹೋಗಿ ಎಂತ ಮಾಡುವುದು? ಗಿಡ ನನ್ನ ಮುಖ ನೋಡಿ ಬೆಳೆಯುತ್ತದೆಯೇ? ಬಗ್ಗಿ ನೋಡುವುದು, ಮುಟ್ಟಿ ನೋಡುವುದು, ವಾಪಸು ಬರುವುದು. ದಾರಿಯಲ್ಲಿ ರಾಮಕುಂಜದ ಹತ್ತಿರ ಗಾಡಿ ನಿಲ್ಲಿಸಿ ಮತ್ತೆ ಫೋನ್ ಮಾಡಿ ನೀರು ಹಾಕಿದಿರಾ ಎಂದು ಕೇಳುವುದು. ನರ್ಸರಿ ನೋಡಿಕೊಳ್ಳುವ ಹೆಂಗಸು ಒಮ್ಮೆ, "ಮೇಡಂ, ನನ್ನ ಮಗಳ ಬಾಣಂತನಕ್ಕೂ ಇಷ್ಟು ಫೋನ್ ಬರ್ಲಿಲ್ಲ" ಎಂದರು.

ಚಟ್ಟಿ ಕಲ್ಲಿನ ಹಾಗೆ ನಿಂತಿತ್ತು. ಬೂಷ್ಟು ಇಲ್ಲ, ಗೆದ್ದಲು ಇಲ್ಲ. ಯಜಮಾನರು ಖುಷಿಯಲ್ಲಿ ಸುಳ್ಯದಲ್ಲಿ ಶೆಡ್ಡಿನ ಜಾಗವನ್ನೇ ನೋಡಿ ಬಂದರು. ಮೂರನೇ ತಿಂಗಳು ಆ ಹೆಂಗಸಿನ ಫೋನ್ ಬಂತು.

"ಮೇಡಂ, ನಿಮ್ಮ ಚಟ್ಟಿ ಭಾರೀ ಒಳ್ಳೇದುಂಟು. ಗಿಡ ಮಾತ್ರ ಇಲ್ಲ."

ಹೋಗಿ ನೋಡಿದೆ. ಎಲೆ ಹಳದಿ. ಒಂದು ಗಿಡ ಬಿಚ್ಚಿ ನೋಡಿದರೆ ಬೇರು ಚಟ್ಟಿಯ ಗೋಡೆಯವರೆಗೆ ಬಂದು ತುದಿ ಸುಟ್ಟ ಹಾಗೆ ಕಂದಾಗಿ ನಿಂತುಬಿಟ್ಟಿತ್ತು. ಮಣ್ಣಿಗಿಳಿಸಿದ ಚಟ್ಟಿಗಳನ್ನು ಅಗೆದರೆ ನಿನ್ನೆ ಮಾಡಿದ ಹಾಗೆ ಹೊಸತಾಗಿ ಎದ್ದು ಬಂದವು. ನನಗೆ ಅಲ್ಲೇ, ಆ ನೆರಳು ಬಲೆಯ ಅಡಿಯಲ್ಲಿ, ಕಾರಣ ಹೊಳೆಯಿತು. ಹೊಳೆಯದೇ ಇರಲು ನಾನೇನು ದಡ್ಡಿಯೇ? ಕೊಳೆಯಬಾರದು ಎಂದೇ ಬಿಡುವ ಮದ್ದು ಅದು. ಅದನ್ನು ನೀರಲ್ಲಿ ಕಲಸಿ, ವಾರವಿಡೀ ಅದೇ ನೀರಲ್ಲಿ ಒಳ್ಳೆಯ ಹಾಳೆಗೂ ಕುಡಿಸಿ, ಕೊಳೆ ಎಂದರೆ ಕೊಳೆಯುತ್ತದೆಯೇ? ಆಮೇಲೆ ಹಾಳೆಯ ತುಂಡನ್ನು ಪರೀಕ್ಷೆಗೆ ಕಳಿಸಿದೆವು. ಮೈಲುತುತ್ತಿನ ತಾಮ್ರ ಇದೆ ಎಂದೇ ಬಂತು.

ಯಜಮಾನರು ಹೇಳಿದರು, "ಶನಿವಾರದೊಳಗೆ ಕಾರಣ ಬರೆದು ಕೊಡಿ. ಶೆಡ್ಡು ಮಾಡುದಾ ಬೇಡವಾ ನೋಡ್ಬೇಕು."

ಎರಡು ದಿನ ನಾನು ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೆದೆ. ಮಂಡೆಬಿಸಿ ಎಂದರೆ ಅಂಥ ಮಂಡೆಬಿಸಿ. ನನ್ನ ಯೋಚನೆಯೇ ತಪ್ಪು ಎಂದು ಬರೆದರೆ ಯೋಜನೆ ಮುಳುಗುತ್ತದೆ, ವಿನ್ಯಾಸದ ಮೇಲೇ ನಂಬಿಕೆ ಹೋಗುತ್ತದೆ, ನಾನು ಮತ್ತೆ ಶಾಂಪೂ ಡಬ್ಬಕ್ಕೆ ಹೋಗಬೇಕು. ಹೀಗೆಲ್ಲ ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಶನಿವಾರ ಬೆಳಗ್ಗೆ ಪುಸ್ತಕ ತೆರೆದು ಬರೆದೆ: 'ಕಾರಣ: ವಿಂಗಡಣೆಯಲ್ಲಿ ಆದ ತಪ್ಪು. ಮದ್ದು ತಾಗಿದ ಹಾಳೆ ಬೆರೆತಿದೆ. ಪರಿಹಾರ: ವಿಂಗಡಣೆಗೆ ಹೊಸ ತರಬೇತಿ ಪಡೆದವರು ಬೇಕು.' ವಿಂಗಡಣೆ ಮಾಡುವವರು ನಮ್ಮಲ್ಲಿ ಒಬ್ಬರೇ ಇದ್ದದ್ದು.

ಸಭೆಯಲ್ಲಿ ಪುಸ್ತಕ ಕೈಯಿಂದ ಕೈಗೆ ಹೋಯಿತು. ಅಕ್ಕ ನಿಂತುಕೊಂಡೇ ಓದಿದರು. ಓದಿ ಮೇಸ್ತ್ರಿಗೆ ಕೊಟ್ಟರು. ಮೇಸ್ತ್ರಿ ನನ್ನನ್ನು ಒಮ್ಮೆ ನೋಡಿ ಪುಸ್ತಕ ಮುಚ್ಚಿದರು. ಯಜಮಾನರು, "ಆಯ್ತು, ನೋಡುವ" ಎಂದರು. ನಾನು ಗಟ್ಟಿಯಾಗಿ ಮುಂದಿನ ವಾರದ ಕೆಲಸ ಓದತೊಡಗಿದೆ, ನನ್ನ ದನಿ ನನಗೇ ಯಾರದೋ ಎನಿಸುತ್ತಿತ್ತು. ಅಂದು ನಳ್ಳಿಯ ಹತ್ತಿರ ಹೋಗದೆ ಕೈಯನ್ನು ಕರ್ಚೀಫಿನಲ್ಲಿ ಒರೆಸಿಕೊಂಡು ಮನೆಗೆ ಹೋದೆ.

ನೀಲಿ ಹಾಳೆ ಬಿಟ್ಟು, ದಿನಾ ನೀರು ಬದಲಿಸಿ ಮಾಡಿದ ಎರಡನೇ ಸಲದ ಚಟ್ಟಿಯಲ್ಲಿ ಗಿಡ ಚೆನ್ನಾಗಿ ಬಂತು. ಬೇರು ಗೋಡೆ ತೂರಿ ಬಿಳಿ ಮೀಸೆಯ ಹಾಗೆ ಹೊರಗೆ ಇಣುಕಿತು. ಸುಳ್ಯದ ಶೆಡ್ಡು ತೆರೆಯಿತು. ಅಲ್ಲಿಯ ಕುರ್ಚಿ ಯಜಮಾನರು ಬೇರೆಯವರಿಗೆ ಕೊಟ್ಟರು, ಸುಳ್ಯ ಪೇಟೆಯ ಒಬ್ಬ ಹೆಂಗಸಿಗೆ. ಅಕ್ಕ ಇನ್ನೊಂದು ತಿಂಗಳು ಅವೇ ಎರಡು ಬಸ್ಸು ಹಿಡಿದು ಬಂದರು. ತನ್ನ ಜಾಗಕ್ಕೆ ಬಂದ ಹೊಸಬಳಿಗೆ ಹಾಳೆ ಸವರುವುದು, ಮೂಸುವುದು ಎಲ್ಲ ಕಲಿಸಿದರು. ಆಮೇಲೆ ಬರಲಿಲ್ಲ. ಕಾಲು ನೋವಂತೆ ಎಂದರು ಮೇಸ್ತ್ರಿ.

ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಮೈಯೆಲ್ಲ ತುರಿಕೆ ಎದ್ದ ಹಾಗೆ. ಯಾರಾದರೂ "ವಿಂಗಡಣೆ" ಎಂದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ಮನೆಯಲ್ಲಿ ಪಾತ್ರೆ ಕುಕ್ಕಿದೆ, ಗಂಡನ ಮೇಲೆ ಹಾರಾಡಿದೆ. ಸ್ಕೂಟರ್ ಹತ್ತಿ ಸುಳ್ಯದ ದಾರಿಯಲ್ಲಿ ಜಾಲ್ಸೂರಿನ ತನಕ ಹೋಗಿ ವಾಪಸು ಬಂದೆ. ಒಂದಲ್ಲ, ಹಲವು ಸಲ.

ಒಂದು ದಿನ ಹೊಸಬಳು ನೀಲಿ ಕಲೆಯ ಹಾಳೆಯೊಂದನ್ನು ಹಿಡಿದು ಗೋಡೆಯ ಕಡೆ ಹೋಗುತ್ತಿದ್ದಳು. ಎರಡು ಮಕ್ಕಳ ತಾಯಿ, ಮೃದು ಮಾತಿನವಳು. ನಾನು ಸುಮ್ಮನಿರಲಾರದೆ, "ಅದು ತೊಟ್ಟಿಗೆ ಹಾಕ್ಬೇಡಿ" ಎಂದು ಕೂಗಿದೆ.

"ಇಲ್ಲ ಮೇಡಂ, ಗೊತ್ತುಂಟು. ಅಕ್ಕ ಹೇಳಿ ಕೊಟ್ಟಿದ್ದಾರೆ. ಯಾರು ಹೇಳಿದ್ರೂ ನೀಲಿದ್ದು ತೊಟ್ಟಿಗೆ ಹಾಕ್ಬೇಡ, ಬೈಸಿಕೊಂಡ್ರೂ ಅಡ್ಡಿಲ್ಲ ಅಂತ ಹೇಳಿದ್ರು."

ಆ ಶನಿವಾರ ನಾನು ಸಭೆಯಲ್ಲಿ ಎದ್ದು ನಿಂತೆ. ಮೇಜು ಹಿಡಿದುಕೊಂಡೆ. ನೀಲಿ ಹಾಳೆ ಹಾಕಿಸಿದ್ದು ನಾನು, ನೀರು ಬದಲಿಸಬೇಡಿ ಎಂದದ್ದು ನಾನು, ಅಕ್ಕ ಬೇಡ ಎಂದಿದ್ದರು, ನಾನು ಸುಳ್ಳು ಬರೆದೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಈಗ ಆಕಾಶ ಬೀಳುತ್ತದೆ ಎಂದು ಕಾದೆ.

ಮೇಸ್ತ್ರಿ ಚಾ ಲೋಟ ಕೆಳಗಿಟ್ಟರು. "ಅದು ಗೊತ್ತುಂಟಲ್ಲ ಮೇಡಂ."

"ಗೊತ್ತುಂಟಾ? ಯಾವಾಗಿಂದ?"

"ಅವತ್ತೇ. ನೀವು ಅಕ್ಕನಿಗೆ ಬೈದದ್ದು ನನ್ನೆದುರೇ ಅಲ್ವಾ?"

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ ಮಾರಾಯ್ರೆ!"

"ನೀವು ಬರೆದಾಗಿತ್ತಲ್ಲ" ಎಂದರು ಅವರು, ಅಷ್ಟೇ ಸಹಜವಾಗಿ.

ನಾನು ಯಜಮಾನರ ಕಡೆ ತಿರುಗಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. "ನನಗೂ ಗೊತ್ತಿತ್ತು. ಮೇಸ್ತ್ರಿ ಹೇಳಿದ್ದರು. ನಿಮಗೆ ಬೇಜಾರಾಗಿ ಬಿಟ್ಟು ಹೋದ್ರೆ ಚಟ್ಟಿ ಮಾಡುದು ಯಾರು ಹೇಳಿ? ಹಾಳೆ ವಿಂಗಡಿಸುದಕ್ಕೆ ಜನ ಸಿಗ್ತಾರೆ."

ನನಗೆ ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ಬೈಯಲೆಂದು ಬಾಯಿ ತೆರೆದೆ. ಆದರೆ ಬೈಯುವ ಯೋಗ್ಯತೆ ಆ ಶೆಡ್ಡಿನಲ್ಲಿ ನನಗಂತೂ ಇರಲಿಲ್ಲ. ನಾಲ್ಕು ಜನ ಸೇರಿ ಕಲಿಯುತ್ತೇವೆ ಎಂದು ಕೂತಿದ್ದೆವು. ಕಲಿತದ್ದು, ಯಾರನ್ನು ಬಿಟ್ಟುಕೊಟ್ಟರೆ ಕೆಲಸ ನಿಲ್ಲುವುದಿಲ್ಲ ಎನ್ನುವುದನ್ನು. ನಾನು ಆ ಪುಟದ ಮೇಲೆ ಗೆರೆ ಎಳೆದು, ಕೆಳಗೆ ನಡೆದದ್ದನ್ನು ನಡೆದ ಹಾಗೆ ಬರೆದು, ಸಹಿ ಹಾಕಿದೆ. ಮೇಸ್ತ್ರಿಯ, ಯಜಮಾನರ ಕೈಯಲ್ಲೂ ಹಾಕಿಸಿದೆ. ಅಕ್ಕನನ್ನು ಸುಳ್ಯದ ಶೆಡ್ಡಿಗೆ ಕರೆಯಲೇಬೇಕು, ಇಲ್ಲದಿದ್ದರೆ ನಾನು ನಾಳೆಯಿಂದ ಬರುವುದಿಲ್ಲ ಎಂದೆ. ಯಜಮಾನರು ಒಪ್ಪಿದರು. ಬೇಗನೇ ಒಪ್ಪಿದರು, ಅದೂ ನನಗೆ ಸರಿಕಾಣಲಿಲ್ಲ.

ಮರುದಿನ ಭಾನುವಾರ. ಈ ಸಲ ಜಾಲ್ಸೂರಿನಲ್ಲಿ ಗಾಡಿ ತಿರುಗಿಸಲಿಲ್ಲ. ಆಲೆಟ್ಟಿಯ ಅವರ ಮನೆಯ ಅಂಗಳದಲ್ಲಿ ಅವರ ಗಂಡ ತೆಂಗಿನಕಾಯಿ ಸುಲಿಯುತ್ತಿದ್ದರು. ಅಕ್ಕ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದರು, ಮೊಣಕಾಲಿಗೆ ಎಣ್ಣೆ ಹಚ್ಚಿತ್ತು. ನನ್ನನ್ನು ಕಂಡದ್ದೇ ಎದ್ದು, "ಬನ್ನಿ ಅಕ್ಕ, ಬಿಸಿಲಲ್ಲಿ ಬಂದ್ರಾ" ಎಂದು ಬೆಲ್ಲ ನೀರು ತರಲು ಒಳಗೆ ಹೋದರು. ಅವರು ಮತ್ತೆ ಕೂತ ಮೇಲೆ ಲೋಟ ಬದಿಗಿಟ್ಟು ಪುಸ್ತಕ ತೆರೆದು ಅವರ ಮಡಿಲಲ್ಲಿ ಇಟ್ಟೆ.

ಅವರು ನಿಧಾನಕ್ಕೆ, ಬೆರಳಿಟ್ಟುಕೊಂಡು ಓದಿದರು. ನಾನು ಕಾಯಲಾರದೆ, ಶೆಡ್ಡಿನ ಕುರ್ಚಿ ನಿಮ್ಮದೇ, ಸೋಮವಾರವೇ ಬನ್ನಿ ಎಂದೆಲ್ಲ ಹೇಳಿದೆ.

"ಅಲ್ಲಿ ಈಗ ಕೂತವಳನ್ನು ಎಂತ ಮಾಡುದು? ಏಳಿಸುದಾ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

"ಬೇಡ ಅಕ್ಕ. ನಾನು ಬರುದಿಲ್ಲ. ಕಾಲು ಕೂಡ ಆಗುದಿಲ್ಲ ಈಗ" ಎಂದರು ಅವರು. ಸಿಟ್ಟಿನಿಂದ ಅಲ್ಲ, ಅಂಗಡಿಯಲ್ಲಿ ಇಂಥದ್ದು ಇಲ್ಲ ಎಂದು ಹೇಳುವ ಹಾಗೆ. ನನಗೆ ಅಳು ಬಂತು. ಅಳುತ್ತಾ ಕ್ಷಮಿಸಿ ಎಂದೆ. ಅವರು ಮತ್ತೊಮ್ಮೆ ಆ ಪುಟದ ಮೇಲೆ ಬೆರಳು ಆಡಿಸಿದರು.

"ನಾನು ಬೇಜಾರು ಮಾಡಿಕೊಂಡದ್ದು ಶೆಡ್ಡಿಗಲ್ಲ ಅಕ್ಕ. ನೀವು ಓದಿದವರು ಬರೆದದ್ದು ನೋಡಿ ನನಗೇ ಡೌಟ್ ಬಂತು. ಬೇಡ ಅಂತ ನಾನು ಬಾಯಿ ಬಿಟ್ಟು ಹೇಳಿದ್ದೆನಾ, ಅಲ್ಲ ಮನಸ್ಸಲ್ಲೇ ಹೇಳಿಕೊಂಡದ್ದಾ ಅಂತ. ನಮ್ಮ ಇವರ ಹತ್ತಿರವೂ ನನ್ನದೇ ತಪ್ಪು ಅಂತಲೇ ಹೇಳಿದ್ದೇನೆ." ನನ್ನ ಮುಖ ನೋಡಿದರು. "ನಾನು ಹೇಳಿದ್ದೆ ಅಲ್ವಾ?"

"ಹೇಳಿದ್ರಿ ಅಕ್ಕ. ನಾನು ಬೈದ ಮೇಲೆಯೇ ನೀವು ಹೇಳುದು ನಿಲ್ಲಿಸಿದ್ದು."

ಅವರು ಪುಸ್ತಕವನ್ನು ಎತ್ತಿ ಹಿಡಿದು ಅಂಗಳದ ಕಡೆ ತಿರುಗಿದರು.

"ಕೇಳಿದ್ರಾ ಇವರೇ," ಎಂದು ಗಂಡನಿಗೆ ಕೂಗಿ ಹೇಳಿದರು, "ನಾನು ಹೇಳಿದ್ದೆನಂತೆ!"